ಐದಡಿ ನಾಲ್ಕಿಂಚಿನ ಲಿಬೆರೊ: ಅಮೆರಿಕದ ಕಾಲೇಜು ವಾಲಿಬಾಲ್ ಆಯ್ಕೆಯ ಒಂದು ಪ್ರಕರಣ

2023ರ ಜೂನ್ ಕೊನೆಯ ವಾರ ಭಾವ ನಮ್ಮ ಮನೆಗೆ ಬಂದಾಗ ಅವರ ಕಂಕುಳಲ್ಲಿ ಒಂದು ದಪ್ಪನೆಯ ನೀಲಿ ಫೈಲ್ ಇತ್ತು. ಅಕ್ಕನ ಮಗಳು ಆರನೇ ತರಗತಿಯಿಂದ ವಾಲಿಬಾಲ್‌ನಲ್ಲಿ ಗಳಿಸಿದ ಮೂವತ್ತೊಂದು ಪ್ರಮಾಣಪತ್ರಗಳು ಅದರಲ್ಲಿದ್ದವು, ಒಂದೊಂದೂ ಪ್ಲಾಸ್ಟಿಕ್ ಹಾಳೆಯೊಳಗೆ, ತಾರೀಕಿನ ಪ್ರಕಾರ. ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದರು: "ಜೂನ್ 15 ಕಳೆದು ಹತ್ತು ದಿನವಾಯಿತು. ಒಬ್ಬ ಕೋಚ್ ಕೂಡ ಫೋನ್ ಮಾಡಲಿಲ್ಲ. ನೀನು ಯೂನಿವರ್ಸಿಟಿಗೆ ಆಡಿದವನು. ಏನು ತಪ್ಪಾಗಿದೆ ಹೇಳು."

ಅವರು ಇರುವುದು ಡಲ್ಲಾಸ್ ಹೊರವಲಯದಲ್ಲಿ, ನಾನೂ ಅಲ್ಲಿಯೇ, ಇಪ್ಪತ್ತು ನಿಮಿಷದ ಹಾದಿ. ನಾನು ಮದ್ದೂರು ಕಡೆಯ ಹಳ್ಳಿಯವನು. ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಆಡುತ್ತ ಬೆಳೆದು, ಮೈಸೂರಿನಲ್ಲಿ ಓದುವಾಗ ವಿಶ್ವವಿದ್ಯಾಲಯದ ತಂಡಕ್ಕೆ ಸೆಟ್ಟರ್, ಅಂದರೆ ಸ್ಮ್ಯಾಶ್ ಹೊಡೆಯುವವರಿಗೆ ಚೆಂಡೆತ್ತಿ ಕೊಡುವವನು, ಆಗಿದ್ದವನು. ನಮ್ಮೂರಿನಲ್ಲಿ ಅದನ್ನು ಲಿಫ್ಟರ್ ಎನ್ನುತ್ತಿದ್ದರು. ಭಾವನ ಫೈಲ್ ನನಗೆ ತಕ್ಷಣ ಅರ್ಥವಾಯಿತು. ನಮ್ಮ ಕಡೆ ಕ್ರೀಡಾ ಕೋಟಾದ ಸೀಟು ಎಂದರೆ ಪ್ರಮಾಣಪತ್ರದ ಲೆಕ್ಕ: ಜಿಲ್ಲೆಗಿಂತ ರಾಜ್ಯ ಮೇಲು, ರಾಜ್ಯಕ್ಕಿಂತ ರಾಷ್ಟ್ರ ಮೇಲು, ಕೆಳಗೊಂದು ಮೊಹರು. ಫೈಲ್ ದಪ್ಪವಿದ್ದಷ್ಟೂ ಬಲ. ಅಮೆರಿಕದಲ್ಲಿ ಅಂಥ ಕೋಟಾವೇ ಇಲ್ಲ. ತನ್ನ ತಂಡಕ್ಕೆ ಯಾರು ಬೇಕೆಂದು ಕಾಲೇಜಿನ ಕೋಚ್ ಹುಡುಕುತ್ತಾರೆ, ಆಕೆಯ ಹೆಸರನ್ನು ಪ್ರವೇಶ ವಿಭಾಗದ ಮುಂದಿಡುತ್ತಾರೆ. ಎರಡು ವರ್ಷ ನಡೆದ ಈ ಪ್ರಕರಣದಲ್ಲಿ ಆ ಫೈಲನ್ನು ಯಾರೂ ತೆರೆಸಲಿಲ್ಲ, ಒಂದು ಸಲ ಬಿಟ್ಟು. ಅದು ಕೊನೆಗೆ ಬರುತ್ತದೆ.

ಜೂನ್ 15ರ ಮೌನ

ಅಲ್ಲಿನ ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರೊಳಗೆ ಮೂರು ವಿಭಾಗಗಳು. ಮೊದಲ ಮತ್ತು ಎರಡನೇ ವಿಭಾಗದ ವಾಲಿಬಾಲ್ ಕೋಚ್‌ಗಳು ಹತ್ತನೇ ತರಗತಿ ಮುಗಿದ ನಂತರದ ಜೂನ್ 15ರವರೆಗೆ ಆಯ್ಕೆಯ ವಿಚಾರವನ್ನು ವಿದ್ಯಾರ್ಥಿಯೊಂದಿಗೆ ಮಾತನಾಡುವಂತಿಲ್ಲ. ಆ ದಿನದ ಮಧ್ಯರಾತ್ರಿ ಹನ್ನೆರಡು ದಾಟಿದೊಡನೆ ಕೆಲವು ಹುಡುಗಿಯರ ಮೊಬೈಲ್ ಬಡಿದುಕೊಳ್ಳಲು ತೊಡಗುತ್ತದೆ. ಅವರ ಪಾಲಕರು ಅದರ ಚಿತ್ರ ತೆಗೆದು ಹಂಚುತ್ತಾರೆ, ಉಳಿದವರ ಮನೆಯಲ್ಲಿ ಸೂತಕ.

ಉಳಿದವರು ಎಂದರೆ ಬಹುತೇಕ ಎಲ್ಲರೂ. ದೇಶದಲ್ಲಿ ಪ್ರೌಢಶಾಲಾ ತಂಡಗಳಲ್ಲಿ ವಾಲಿಬಾಲ್ ಆಡುವ ಹುಡುಗಿಯರು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಮೂರೂ ವಿಭಾಗ ಸೇರಿ ಎನ್‌ಸಿಎಎ ತಂಡಗಳಿಗೆ ಹೋಗುವವರು ನೂರಕ್ಕೆ ಸುಮಾರು ನಾಲ್ವರು. ಮೊದಲ ವಿಭಾಗಕ್ಕೆ ನೂರಕ್ಕೆ ಒಬ್ಬಳು, ಅಷ್ಟೇ. 2023ರ ಆಗಸ್ಟ್ 30ರಂದು ನೆಬ್ರಾಸ್ಕ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹುಡುಗಿಯರ ವಾಲಿಬಾಲ್ ಪಂದ್ಯ ನೋಡಲು 92,003 ಜನ ಸೇರಿದ್ದರು. ಆ ದೃಶ್ಯ ಟಿವಿಯಲ್ಲಿ ಬಂದ ಮೇಲಂತೂ ಭಾವನಿಗೆ ಮೊದಲ ವಿಭಾಗ ಬಿಟ್ಟು ಬೇರೆಯದು ಕಾಲೇಜೇ ಅಲ್ಲ ಎನ್ನುವಂತಾಯಿತು.

ಅವರ ಇನ್ನೊಂದು ಗೊಂದಲ ಇ-ಮೇಲ್ ಪೆಟ್ಟಿಗೆಯಲ್ಲಿತ್ತು. ಹುಡುಗಿಗೆ ಹದಿನೇಳು ಕಾಲೇಜುಗಳಿಂದ ಬೇಸಿಗೆ ಶಿಬಿರದ ಆಹ್ವಾನ ಬಂದಿತ್ತು, "ನಿನ್ನ ಆಟ ನಮಗೆ ಇಷ್ಟವಾಯಿತು" ಎಂಬ ಒಕ್ಕಣೆಯೊಂದಿಗೆ. ಶಿಬಿರದ ಕರಪತ್ರವನ್ನು ಯಾವ ವಯಸ್ಸಿನವರಿಗೂ ಕಳುಹಿಸಬಹುದು, ಸಾವಿರಾರು ಜನಕ್ಕೆ ಹೋಗುತ್ತದೆ, ಶುಲ್ಕ ಕಟ್ಟಿದವರೆಲ್ಲ ಬರಬಹುದು. ಅದು ಜವಳಿ ಅಂಗಡಿಯವರು ಹಬ್ಬಕ್ಕೆ ಕಳುಹಿಸುವ ಶುಭಾಶಯ ಪತ್ರದ ಹಾಗೆ. ಇದನ್ನು ಹೇಳಿದಾಗ ಭಾವ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅಷ್ಟರಲ್ಲಿ ಎರಡು ಶಿಬಿರಗಳಿಗೆ ಹಣ ಕಟ್ಟಿಯಾಗಿತ್ತು. ಜೊತೆಗೆ "ನಾವು ಆಯ್ಕೆ ಮಾಡಿಸಿಕೊಡುತ್ತೇವೆ" ಎನ್ನುವ ಒಂದು ಸೇವೆಗೂ. ಆ ಸೇವೆಯವರು ಮಾಡಿದ್ದು ಒಂದೇ ಪತ್ರವನ್ನು ನೂರಾರು ಕಾಲೇಜಿಗೆ ರವಾನಿಸಿದ್ದು. ಅದರಲ್ಲಿ "ಮಾನ್ಯರೇ, ನನ್ನ ಮಗಳು ಬಹಳ ಶ್ರಮಜೀವಿ" ಎಂದು ಭಾವ ತಾವೇ ಬರೆದುಕೊಟ್ಟ ಸಾಲುಗಳಿದ್ದವು. ಪತ್ರ ತಲುಪಿದ ಕೋಚ್‌ಗಳಲ್ಲಿ ಎಷ್ಟೋ ಮಂದಿ ಹೆಂಗಸರು. ಸಂಬೋಧನೆ ಮಾತ್ರ ಎಲ್ಲರಿಗೂ 'ಸರ್'.

ಅಳತೆ

ಹುಡುಗಿಯ ಎತ್ತರ ಐದಡಿ ನಾಲ್ಕಿಂಚು. ಶಾಲಾ ತಂಡದಲ್ಲಿ ಆಡುತ್ತಿದ್ದುದು ಎಡಗಡೆಯಿಂದ ಸ್ಮ್ಯಾಶ್ ಹೊಡೆಯುವ ಹಿಟ್ಟರ್ ಆಗಿ. ಹೆಂಗಸರ ಬಲೆಯ ಎತ್ತರ 2.24 ಮೀಟರ್. ಓಡಿ ಬಂದು ಜಿಗಿದಾಗ ಅವಳ ಬೆರಳ ತುದಿ ಮುಟ್ಟುತ್ತಿದ್ದುದು 2.70. ಮೊದಲ ವಿಭಾಗದ ಹಿಟ್ಟರ್‌ಗಳು ಮೂರು ಮೀಟರ್ ಆಸುಪಾಸು ಮುಟ್ಟುತ್ತಾರೆ. ಪ್ರೌಢಶಾಲೆಯಲ್ಲಿ ಅವಳ ಸ್ಮ್ಯಾಶ್ ನೆಲಕ್ಕೆ ಬಡಿಯುತ್ತಿತ್ತು, ಊರೆಲ್ಲ ಚಪ್ಪಾಳೆ ಹೊಡೆಯುತ್ತಿತ್ತು. ಕಾಲೇಜಿನಲ್ಲಿ ಅದೇ ಚೆಂಡು ಬಲೆಯ ಮೇಲೆ ಎದುರಾಳಿಗಳು ಕೈಚಾಚಿ ಹಿಡಿದ ಬ್ಲಾಕಿಗೆ ತಗುಲಿ ಅವಳ ಕಾಲ ಬಳಿಯೇ ಬೀಳುತ್ತದೆ.

ಆದರೆ ಅವಳ ಪಾಸ್ ಬೇರೆಯೇ ಜಾತಿ. ಎದುರಾಳಿಯ ಸರ್ವ್ ಅವಳ ಮುಂಗೈಗೆ ತಾಗಿದಾಗ ಸದ್ದೇ ಬರುವುದಿಲ್ಲ; ಚೆಂಡು ಅಲ್ಲಿ ಕ್ಷಣ ಕುಳಿತು ಎದ್ದ ಹಾಗೆ ಕಾಣುತ್ತದೆ. ಸೆಟ್ಟರ್ ಆಗಿದ್ದ ನನಗೆ ಅಂಥ ಪಾಸ್ ಕೊಡುವವರ ಬೆಲೆ ಗೊತ್ತು, ಅವರಿದ್ದ ದಿನ ನಾವು ರಾಜರು. ಅವಳು ಲಿಬೆರೊ ಆಗಬೇಕಿತ್ತು: ಹಿಂದಿನ ಸಾಲಿನಲ್ಲಷ್ಟೇ ಆಡುವ, ಬೇರೆ ಬಣ್ಣದ ಅಂಗಿಯ, ಬಲೆಯ ಬಳಿ ಹೋಗದ ಆಟಗಾರ್ತಿ. ಅಂತರರಾಷ್ಟ್ರೀಯ ವಾಲಿಬಾಲ್‌ಗೆ ಈ ಸ್ಥಾನ ಬಂದದ್ದು 1998ರಲ್ಲಿ. ನಾನು ಆಟ ಕಲಿಯುವ ಕಾಲಕ್ಕೆ ಇದ್ದಿದ್ದರೆ ನಮ್ಮೂರಿನ ಎಷ್ಟು ಕುಳ್ಳರ ಹಣೆಬರಹ ಬದಲಾಗುತ್ತಿತ್ತೋ.

ಇದನ್ನು ಒಪ್ಪಿಸಲು ಮೂರು ತಿಂಗಳು ಹಿಡಿಯಿತು. ಹುಡುಗಿ ಒಂದು ರಾತ್ರಿ ಅತ್ತು ಮರುದಿನ ಒಪ್ಪಿದಳು. ಭಾವನಿಗೆ ಮಾತ್ರ ಮಗಳು ಸ್ಮ್ಯಾಶ್ ಹೊಡೆಯದ ಆಟ ಆಟವೇ ಆಗಿರಲಿಲ್ಲ.

ಇಲ್ಲಿ ನನ್ನ ಒಂದು ತಪ್ಪನ್ನೂ ದಾಖಲಿಸಬೇಕು. ಅಮೆರಿಕದಲ್ಲಿ ವಾಲಿಬಾಲ್ ಕೋಚ್‌ಗಳು ಶಾಲಾ ಪಂದ್ಯಗಳನ್ನು ನೋಡಲು ಹೋಗುವುದು ಕಡಿಮೆ, ಏಕೆಂದರೆ ಆಗಸ್ಟ್‌ನಿಂದ ನವೆಂಬರ್‌ವರೆಗೆ ಅವರದ್ದೇ ಋತು ನಡೆಯುತ್ತಿರುತ್ತದೆ. ಅವರು ಆಟಗಾರ್ತಿಯರನ್ನು ಹುಡುಕುವುದು ಚಳಿಗಾಲದಿಂದ ಬೇಸಿಗೆಯವರೆಗೆ ಶಾಲೆಯ ಹೊರಗೆ ನಡೆಯುವ ಕ್ಲಬ್ ಪಂದ್ಯಾವಳಿಗಳಲ್ಲಿ. ಹಿಂದಿನ ವರ್ಷ ಹೆಸರಾಂತ ಕ್ಲಬ್ಬೊಂದು ಇವಳಿಗೆ ತನ್ನ ಮೊದಲ ತಂಡದಲ್ಲಿ ಹನ್ನೆರಡನೆಯವಳ ಜಾಗ ಕೊಟ್ಟಿತ್ತು. ಇನ್ನೊಂದು ಸಣ್ಣ ಕ್ಲಬ್ಬು ಪ್ರತಿ ಸೆಟ್ಟಿನಲ್ಲೂ ಆಡಿಸುತ್ತೇನೆ ಎಂದಿತ್ತು. "ದೊಡ್ಡ ಹೆಸರಿನ ಕಡೆ ಹೋಗು" ಎಂದವನು ನಾನೇ. ಆರು ಸಾವಿರ ಡಾಲರ್ ಕೊಟ್ಟು ಹುಡುಗಿ ಒಂದು ವರ್ಷ ಬೆಂಚಿನ ಮೇಲೆ ಕುಳಿತಳು, ನೀರಿನ ಬಾಟಲಿ ಹಂಚಿದಳು. ಜೂನ್ 15ರ ಹೊತ್ತಿಗೆ ಕೋಚ್‌ಗೆ ಕಳುಹಿಸಲು ಅವಳು ಲಿಬೆರೊ ಆಗಿ ಆಡಿದ ಒಂದು ಪೂರ್ತಿ ಸೆಟ್ಟಿನ ವಿಡಿಯೊ ಕೂಡ ಇರಲಿಲ್ಲ. ಆ ಶರತ್ಕಾಲದಲ್ಲಿ ಸಣ್ಣ ಕ್ಲಬ್ಬಿಗೆ ಬದಲಾದೆವು.

ನೋಟ್‌ಬುಕ್ಕು ಮತ್ತು ವಿಡಿಯೊ

ಭಾವ ಮಾಡಿದ್ದ ಮೊದಲ ವಿಡಿಯೊ ಒಂಬತ್ತು ನಿಮಿಷದ್ದು. ಹಿನ್ನೆಲೆಯಲ್ಲಿ ಕನ್ನಡ ಸಿನಿಮಾದ ಹಾಡು, ಮೊದಲ ನಲವತ್ತು ಸೆಕೆಂಡು ಹೆಸರು ತಿರುಗುತ್ತ ಬರುವ ಚಮತ್ಕಾರ, ಆಮೇಲೆ ಸ್ಮ್ಯಾಶ್‌ಗಳು. ಪಕ್ಕದ ಮೆಟ್ಟಿಲಿನಿಂದ ಮೊಬೈಲ್‌ನಲ್ಲಿ ಹಿಡಿದದ್ದು. ಅಪ್ಪನ ಕಣ್ಣು ಮಗಳ ಮೇಲೆ, ಹಾಗಾಗಿ ಕ್ಯಾಮೆರಾವೂ ಮಗಳ ಮುಖದ ಮೇಲೆ. ಚೆಂಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಚೌಕಟ್ಟಿನ ಹೊರಗೆ.

ಲಿಬೆರೊಳನ್ನು ಅಳೆಯುವವರಿಗೆ ಮುಖ ಬೇಡ. ಅಂಕಣದ ಹಿಂದಿನ ಗೆರೆಯ ಆಚೆ, ತಲೆಗಿಂತ ಎತ್ತರದಲ್ಲಿ ಕ್ಯಾಮೆರಾ ನಿಲ್ಲಿಸಿ, ಆರೂ ಜನ ಮತ್ತು ಎದುರಾಳಿಯ ಸರ್ವ್ ಮಾಡುವವಳು ಕಾಣುವ ಹಾಗೆ ಹಿಡಿಯಬೇಕು. ಆಗ ಚೆಂಡು ಬರುವ ಮೊದಲು ಅವಳ ಕಾಲು ಎತ್ತ ಸರಿಯಿತು ಎಂಬುದು ತಿಳಿಯುತ್ತದೆ. ಕೋಚ್‌ಗಳು ಓದುವುದು ಅದನ್ನೇ. ಹೊಸ ವಿಡಿಯೊ ಮೂರೂವರೆ ನಿಮಿಷದ್ದು, ಹಾಡಿಲ್ಲ. ಮೊದಲ ದೃಶ್ಯಗಳು ಸರ್ವ್ ತೆಗೆದುಕೊಂಡದ್ದು, ಆಮೇಲೆ ಡಿಗ್, ಅಂದರೆ ಎದುರಾಳಿಯ ಸ್ಮ್ಯಾಶ್ ಎತ್ತಿದ್ದು, ಕೊನೆಗೆ ಅವಳ ಸರ್ವ್. ಕೆಳಗೆ ಕತ್ತರಿಸದ ಎರಡು ಪೂರ್ತಿ ಪಂದ್ಯಗಳ ಕೊಂಡಿ. ಕತ್ತರಿಸದ ಪಂದ್ಯದಲ್ಲಿ ತಪ್ಪುಗಳೂ ಇರುತ್ತವೆ ಎಂದು ಭಾವ ತಕರಾರು ತೆಗೆದರು. ಇರಬೇಕು. ತಪ್ಪೇ ಇಲ್ಲದ ವಿಡಿಯೊ ನೋಡಿದ ಕೋಚ್ ಮೊದಲು ಕೇಳುವುದೇ ಉಳಿದದ್ದು ಎಲ್ಲಿ ಎಂದು.

ನಾನು ಮಾಡಿದ ಉಪಯುಕ್ತ ಕೆಲಸ ಬಹುಶಃ ಒಂದೇ: ನೋಟ್‌ಬುಕ್ ಹಿಡಿದು ಕುಳಿತದ್ದು. ಪಾಸ್‌ಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಪದ್ಧತಿ ಇದೆ. ಸೆಟ್ಟರ್ ಯಾವ ದಿಕ್ಕಿಗಾದರೂ ಚೆಂಡೆತ್ತುವಂತಿದ್ದರೆ ಮೂರು. ದಾರಿ ಸ್ವಲ್ಪ ಕಿರಿದಾದರೆ ಎರಡು. ಓಡಿಹೋಗಿ ಹೇಗೋ ಎತ್ತಬೇಕಾದರೆ ಒಂದು. ಚೆಂಡು ಸತ್ತರೆ ಸೊನ್ನೆ. 2024ರ ಜನವರಿಯ ಒಂದು ಪಂದ್ಯಾವಳಿಯಲ್ಲಿ ಅವಳು 118 ಸರ್ವ್ ತೆಗೆದುಕೊಂಡಳು. 46 ಮೂರು, 44 ಎರಡು, 21 ಒಂದು, 7 ಸೊನ್ನೆ. ಒಟ್ಟು 247, ಸರಾಸರಿ 2.09. ಸರಾಸರಿಗಿಂತ ಆ ಏಳು ಸೊನ್ನೆಗಳು ಹೆಚ್ಚು ಮಾತನಾಡಿದವು. ಅವುಗಳಲ್ಲಿ ಐದು, ತಿರುಗದೆ ತೇಲಿಬಂದು ಎಡ ಭುಜದ ಮೇಲೆ ಏರಿದ ಫ್ಲೋಟ್ ಸರ್ವ್‌ಗಳು. ಅವಳು ಒಂದು ಹೆಜ್ಜೆ ಹಿಂದೆ ಸರಿಯುವ ಬದಲು ಸೊಂಟ ತಿರುಗಿಸುತ್ತಿದ್ದಳು. ಮುಂದಿನ ಆರು ವಾರ ವಾರಾಂತ್ಯಕ್ಕೆ ಒಂದೂವರೆ ತಾಸು ನಾನು ಅವಳ ಎಡ ಭುಜಕ್ಕೇ ಸರ್ವ್ ಮಾಡಿದೆ. ನನ್ನ ಬಲ ಭುಜ ಇನ್ನೂ ಅದನ್ನು ಮರೆತಿಲ್ಲ. ಮಾರ್ಚಿನ ಪಂದ್ಯಾವಳಿಯಲ್ಲಿ ಸರಾಸರಿ 2.24. ಬಲೆಯ ಎತ್ತರಕ್ಕೆ ಸರಿಯಾಯಿತು ಎಂದು ಅವಳೇ ನಕ್ಕಳು.

ಊಟದ ಮೇಜಿನ ಪಟ್ಟಿ

ಆಯ್ಕೆ ಎಂದರೆ ಪ್ರತಿಭೆಯನ್ನು ಯಾರೋ ಕಂಡುಹಿಡಿಯುವುದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿ. ನನಗೆ ಕಂಡ ಮಟ್ಟಿಗೆ ಇದು ಖಾಲಿ ಜಾಗ ಹುಡುಕುವ ಕೆಲಸ. 2025ರಲ್ಲಿ ಪ್ರೌಢಶಾಲೆ ಮುಗಿಸುವ ಹುಡುಗಿಗೆ 2025ರಲ್ಲಿ ಲಿಬೆರೊ ಬೇಕಾಗುವ ಕಾಲೇಜು ಬೇಕು. ಅದನ್ನು ಯಾರೂ ಜಾಹೀರಾತು ಹಾಕಿ ಹೇಳುವುದಿಲ್ಲ. ಆದರೆ ಪ್ರತಿ ಕಾಲೇಜಿನ ಜಾಲತಾಣದಲ್ಲೂ ತಂಡದ ಪುಟವಿರುತ್ತದೆ: ಹೆಸರು, ಸ್ಥಾನ, ಎತ್ತರ, ಯಾವ ವರ್ಷದ ವಿದ್ಯಾರ್ಥಿ. ಹಿಂದಿನ ಸಾಲಿನ ಆಟಗಾರ್ತಿಯರು ಎಷ್ಟು ಮಂದಿ, ಅವರು ಯಾವಾಗ ಪದವಿ ಮುಗಿಸುತ್ತಾರೆ ಎಂದು ಎಣಿಸಿದರೆ ಉತ್ತರ ಸಿಗುತ್ತದೆ.

2023ರ ಡಿಸೆಂಬರ್ ರಜೆಯಲ್ಲಿ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಇದೇ ನಡೆಯಿತು. 62 ಕಾಲೇಜುಗಳ ಪುಟ ತೆರೆದೆವು. ಎರಡನೇ ವರ್ಷದ ಮೂವರು ಲಿಬೆರೊಗಳಿರುವ ಕಾಲೇಜು ಎಷ್ಟೇ ಚೆನ್ನಾಗಿದ್ದರೂ ಅಡ್ಡಗೆರೆ. ಇಬ್ಬರೂ ಕೊನೆಯ ಎರಡು ವರ್ಷದವರಾಗಿದ್ದರೆ ಟಿಕ್. ಆಮೇಲೆ ಹುಡುಗಿ ತನ್ನದೇ ಒಂದು ಜರಡಿ ಹಿಡಿದಳು: ಭೂವಿಜ್ಞಾನದ ಪದವಿ ಇರಬೇಕು. ಒಂಬತ್ತನೇ ವಯಸ್ಸಿನಲ್ಲಿ ತಾತನ ಜೊತೆ ಮೇಲುಕೋಟೆ ಬೆಟ್ಟ ಹತ್ತಿದಾಗ ಹೆಕ್ಕಿದ ಒಂದು ಕಲ್ಲು ಇಂದಿಗೂ ಅವಳ ಶಾಲಾ ಚೀಲದಲ್ಲಿದೆ. ಮನೆಯಲ್ಲಿ ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ವಿಷಯದ ಹೆಸರು ಹೇಳಿದ್ದು ಅದೇ ಮೊದಲು. ಅಕ್ಕ ಅಡುಗೆಮನೆಯಿಂದ ಹೊರಬಂದು "ಕಲ್ಲು ಓದಿ ಏನು ಮಾಡುತ್ತೀಯ?" ಎಂದಳು. ಆ ವಾದ ಬೇರೆಯೇ ಪ್ರಕರಣವಾದೀತು, ಇಲ್ಲಿ ಬೇಡ. ಜರಡಿಯ ನಂತರ ಉಳಿದದ್ದು 27. ಅದರಲ್ಲಿ ಹತ್ತೊಂಬತ್ತು ಮೂರನೇ ವಿಭಾಗದವು.

ಮೂರನೇ ವಿಭಾಗದ ಕಾಲೇಜುಗಳು ಆಟಕ್ಕಾಗಿ ಒಂದು ಡಾಲರ್ ವಿದ್ಯಾರ್ಥಿವೇತನವನ್ನೂ ಕೊಡುವಂತಿಲ್ಲ. ಎಂಐಟಿ, ಜಾನ್ಸ್ ಹಾಪ್‌ಕಿನ್ಸ್, ಎಮೊರಿ, ಶಿಕಾಗೊ ವಿಶ್ವವಿದ್ಯಾಲಯ ಇರುವುದೂ ಅಲ್ಲಿಯೇ. ಇದನ್ನು ಹೇಳಿದಾಗ ಭಾವನ ಮುಖ ಒಂದೇ ಸಲ ಎರಡು ಕಡೆ ಎಳೆದಾಡಿತು.

ಪತ್ರಗಳನ್ನು ಈ ಸಲ ಅವಳೇ ಬರೆದಳು. ವಿಷಯದ ಸಾಲಿನಲ್ಲೇ ವರ್ಷ, ಸ್ಥಾನ, ಕ್ಲಬ್ಬಿನ ಹೆಸರು, ಅಂಗಿಯ ಸಂಖ್ಯೆ. ಒಳಗೆ ಆರೇಳು ವಾಕ್ಯ. ಆ ಕಾಲೇಜಿಗೆ ಮಾತ್ರ ಅನ್ವಯಿಸುವ ಒಂದು ಮಾತು, ವಿಡಿಯೊದ ಕೊಂಡಿ, ಶಾಲೆಯ ಅಂಕಗಳ ಸರಾಸರಿ (ಜಿಪಿಎ) 3.8, ಮುಂದಿನ ಪಂದ್ಯಾವಳಿಯಲ್ಲಿ ಯಾವ ದಿನ ಎಷ್ಟು ಗಂಟೆಗೆ ಎಷ್ಟನೇ ಅಂಕಣದಲ್ಲಿ ಆಡುತ್ತೇನೆ ಎಂಬುದು. ಒಂದು ಕರಡಿನಲ್ಲಿ ಅವಳು "ನಿಮ್ಮ ಇಬ್ಬರು ಲಿಬೆರೊಗಳೂ 2025ರ ವಸಂತದಲ್ಲಿ ಪದವಿ ಮುಗಿಸುತ್ತಾರೆ ಎಂದು ಗಮನಿಸಿದ್ದೇನೆ" ಎಂದು ಬರೆದಿದ್ದಳು. ಅಧಿಕಪ್ರಸಂಗ ಎನಿಸೀತು, ತೆಗೆ ಎಂದೆ. ಅವಳು ತೆಗೆಯಲಿಲ್ಲ. ಮುಂದೆ ಅವಳನ್ನು ಸೇರಿಸಿಕೊಂಡ ಕೋಚ್, ಆ ಸಾಲು ಓದಿದ ಮೇಲೆಯೇ ವಿಡಿಯೊ ತೆರೆದೆ ಎಂದರು. ಸಲಹೆಗಾರನ ಮರ್ಯಾದೆ ಅಷ್ಟರಮಟ್ಟಿಗೆ ಉಳಿಯಿತು.

27 ಪತ್ರಗಳಿಗೆ ಮನುಷ್ಯರು ಬರೆದ ಉತ್ತರ ಬಂದದ್ದು ಹದಿಮೂರು.

ಕೇಳಿಸದ ದನಿ

ಫೆಬ್ರುವರಿಯಲ್ಲಿ ಎರಡನೇ ವಿಭಾಗದ ಕಾಲೇಜೊಂದರ ಕೋಚ್ ಫೋನ್ ಮಾಡಿದರು. ಅಕ್ಕನ ಮನೆಯ ಸೋಫಾ, ಟೀಪಾಯಿಯ ಮೇಲೆ ಸ್ಪೀಕರ್ ಹಾಕಿದ ಮೊಬೈಲ್, ಸುತ್ತ ನಾವು ನಾಲ್ವರು, ಮದುವೆ ಮಾತುಕತೆಗೆ ಕುಳಿತವರಂತೆ. ಯಾವ ಅಭ್ಯಾಸ ನಿನಗೆ ಇಷ್ಟ ಎಂದು ಕೋಚ್ ಕೇಳಿದರು. "ಎಲ್ಲ ಅಭ್ಯಾಸವೂ ಇಷ್ಟ, ದಿನಕ್ಕೆ ಮೂರು ತಾಸು ಮಾಡುತ್ತಾಳೆ" ಎಂದರು ಭಾವ. ಸೋತ ದಿನ ಏನು ಮಾಡುತ್ತೀಯ ಎಂದರು. "ಅವಳು ಬಹಳ ಧೈರ್ಯವಂತೆ" ಎಂದರು ಭಾವ. ಅತ್ತ ಕಡೆ ಸ್ವಲ್ಪ ಮೌನ. ಆಮೇಲೆ ಆ ಕೋಚ್ ತುಂಬ ಮೆತ್ತಗೆ, "ನನಗೆ ಅವಳ ದನಿ ಕೇಳಬೇಕಿತ್ತು" ಎಂದರು.

ಅದೇ ಮಾತು ಏಪ್ರಿಲ್‌ನಲ್ಲಿ ಇನ್ನೊಂದು ರೂಪದಲ್ಲಿ ಬಂತು. ಡಲ್ಲಾಸ್‌ನ ಕನ್ವೆನ್ಷನ್ ಸೆಂಟರ್‌ನಲ್ಲಿ ದೊಡ್ಡ ಪಂದ್ಯಾವಳಿ. ಸಿಮೆಂಟ್ ನೆಲದ ಮೇಲೆ ಪ್ಲಾಸ್ಟಿಕ್ ಹಾಸು ಜೋಡಿಸಿ ಮಾಡಿದ ಹತ್ತಾರು ಅಂಕಣ, ಒಂದರ ಸೀಟಿ ಇನ್ನೊಂದಕ್ಕೆ ಕೇಳಿ ಆಟ ನಿಲ್ಲುವಷ್ಟು ಒತ್ತೊತ್ತು. ಕಾಲೇಜಿನ ಹೆಸರಿರುವ ಅಂಗಿ ತೊಟ್ಟ ಕೋಚ್‌ಗಳು ಹಿಂದಿನ ಗೆರೆಯ ಆಚೆ ಮಡಿಸುವ ಕುರ್ಚಿಯಲ್ಲಿ ಕುಳಿತು, ಹತ್ತು ನಿಮಿಷ ನೋಡಿ, ಮೊಬೈಲ್‌ನಲ್ಲಿ ಏನೋ ಒತ್ತಿ ಎದ್ದು ಹೋಗುತ್ತಾರೆ. ಓಹಾಯೋದ ಒಂದು ಸಣ್ಣ ಕಾಲೇಜಿನ ಕೋಚ್ ಇವಳ ಪತ್ರದಲ್ಲಿದ್ದ ಸಮಯಕ್ಕೆ ಸರಿಯಾಗಿ ಬಂದು ಎರಡು ಸೆಟ್ ಕುಳಿತರು. ಮರುದಿನ ಕ್ಲಬ್ಬಿನ ಕೋಚ್ ಮೂಲಕ ಬಂದ ಅಭಿಪ್ರಾಯ ಎರಡೇ ಸಾಲು: ಪಾಸ್ ಚೆನ್ನಾಗಿದೆ, ಆದರೆ ಅವಳು ಅಲ್ಲಿದ್ದಾಳೆ ಎಂಬುದು ಕಿವಿಗೆ ಗೊತ್ತಾಗಲಿಲ್ಲ.

ಲಿಬೆರೊ ಕೂಗಬೇಕು. ಇಬ್ಬರ ನಡುವೆ ಬಿದ್ದ ಚೆಂಡು ಯಾರದ್ದೆಂದು, ಸರ್ವ್ ಹತ್ತಿರ ಬೀಳುತ್ತದೋ ದೂರವೋ ಎಂದು, ಹೊರಹೋಗುವ ಚೆಂಡನ್ನು ಬಿಡಬೇಕೆಂದು ಹಿಂದಿನಿಂದ ಹೇಳುವವಳು ಅವಳೇ. ಇವಳು ಬೆಳೆದದ್ದು ಎರಡನೇ ಮಹಡಿಯ ಅಪಾರ್ಟ್‌ಮೆಂಟ್‌ನಲ್ಲಿ. ಎಂಟು ವರ್ಷ ಅವಳು ಕೇಳಿದ ಮಾತು "ಓಡಬೇಡ, ಕೂಗಬೇಡ, ಕೆಳಗಿನವರು ದೂರು ಕೊಡುತ್ತಾರೆ". ಈಗ ಸ್ವಂತ ಮನೆ ಇತ್ತು, ಗ್ಯಾರೇಜ್ ಇತ್ತು. ನಾನು ಚೆಂಡೆಸೆಯುವ ಮೊದಲು ಅವಳು ಕೂಗಬೇಕು, ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಕೇಳಿಸಿದರೆ ಮಾತ್ರ ಚೆಂಡು. ಮೊದಲ ವಾರ ಅರ್ಧ ಚೆಂಡುಗಳು ನನ್ನ ಕೈಯಲ್ಲೇ ಉಳಿದವು. ಎರಡನೇ ವಾರ ಅಕ್ಕನೇ ಬಂದು ಬಾಗಿಲು ಹಾಕಿಕೊಂಡಳು.

ಫೋನ್ ಕರೆಗಳಿಗೂ ಅದೇ ನಿಯಮವಾಯಿತು. ಅವಳು ಕೋಣೆಯಲ್ಲಿ ಒಬ್ಬಳೇ, ಬಾಗಿಲು ಮುಚ್ಚಿ. ಭಾವ ಆ ಹೊತ್ತಿನಲ್ಲಿ ಹೊರಗೆ ಹುಲ್ಲು ಕತ್ತರಿಸುತ್ತಿದ್ದರು, ಕತ್ತರಿಸಿದ ಹುಲ್ಲನ್ನೇ ಮತ್ತೆ ಕತ್ತರಿಸುತ್ತಿದ್ದರು.

ನಾಲ್ಕು ಸಾವಿರ ಡಾಲರ್

ಮೇ ತಿಂಗಳಲ್ಲಿ ಎರಡನೇ ವಿಭಾಗದ ಅದೇ ಕೋಚ್ ವರ್ಷಕ್ಕೆ 4,000 ಡಾಲರ್ ಕ್ರೀಡಾ ವಿದ್ಯಾರ್ಥಿವೇತನ ಕೊಡುವುದಾಗಿ ಹೇಳಿದರು, ಉತ್ತರಕ್ಕೆ ಹದಿನಾಲ್ಕು ದಿನ ಗಡುವು. ಹಣ ಏಕೆ ಅಷ್ಟು ಚಿಕ್ಕದು ಎಂದು ಆಶ್ಚರ್ಯಪಡಬೇಕಿಲ್ಲ. ಆಗಿನ ನಿಯಮದಲ್ಲಿ ಮೊದಲ ವಿಭಾಗದ ಹೆಣ್ಣುಮಕ್ಕಳ ತಂಡಕ್ಕೆ ಹೆಚ್ಚೆಂದರೆ 12 ಪೂರ್ಣ ವಿದ್ಯಾರ್ಥಿವೇತನ, ಹಂಚುವಂತಿಲ್ಲ. ಎರಡನೇ ವಿಭಾಗದಲ್ಲಿ ಎಂಟರಷ್ಟು ಹಣ, ಅದನ್ನು ತುಂಡು ಮಾಡಿ ಹಂಚಬಹುದು. ದೊಡ್ಡ ತುಂಡು ಹೋಗುವುದು ಎತ್ತರದವರಿಗೆ ಮತ್ತು ಸೆಟ್ಟರ್‌ಗೆ.

ಆದರೂ ಅದು "ಸ್ಕಾಲರ್‌ಶಿಪ್". ಮಂಡ್ಯಕ್ಕೆ ಫೋನ್ ಮಾಡಿ ಹೇಳಬಹುದಾದ ಪದ. ಭಾವ ಹೇಳಿಯೂ ಬಿಟ್ಟಿದ್ದರು. ಆ ಕಾಲೇಜಿನಲ್ಲಿ ಭೂವಿಜ್ಞಾನ ಪದವಿಯೇ ಇರಲಿಲ್ಲ. ನಮ್ಮ ಜರಡಿಯಲ್ಲಿ ಅದು ಹೇಗೋ ನುಸುಳಿತ್ತು. ಹದಿಮೂರನೇ ದಿನ ಹುಡುಗಿ ತಾನೇ ಫೋನ್ ಮಾಡಿ ಒಲ್ಲೆ ಎಂದಳು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಲೂಸಿಯಾನದ ಮೊದಲ ವಿಭಾಗದ ಒಬ್ಬ ಕೋಚ್, ವಿದ್ಯಾರ್ಥಿವೇತನವಿಲ್ಲದೆ ಬರುವುದಾದರೆ ಜಾಗವಿರಬಹುದು ಎಂದಿದ್ದರು. ಸೆಪ್ಟೆಂಬರ್ ನಂತರ ಅವರು ಉತ್ತರಿಸುವುದನ್ನೇ ನಿಲ್ಲಿಸಿದರು. ಆಟಗಾರರಿಗೆ ಹಣ ಪಾವತಿಸುವ ಕುರಿತ ದೊಡ್ಡ ಮೊಕದ್ದಮೆಯ ರಾಜಿಗೆ 2024ರ ಅಕ್ಟೋಬರ್‌ನಲ್ಲಿ ನ್ಯಾಯಾಲಯದ ಪ್ರಾಥಮಿಕ ಒಪ್ಪಿಗೆ ಬಂತು, 2025ರ ಜೂನ್ 6ರಂದು ಅಂತಿಮ ಒಪ್ಪಿಗೆ. ಅದಕ್ಕೆ ಸೇರಿದ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನದ ಸಂಖ್ಯೆಗೆ ಮಿತಿ ಹೋಗಿ, ಹೆಂಗಸರ ವಾಲಿಬಾಲ್ ತಂಡಕ್ಕೆ 18 ಮಂದಿ ಎಂಬ ಮಿತಿ ಬಂತು. ಹಣವಿಲ್ಲದೆ ಬಂದು ಕೊನೆಯಲ್ಲಿ ನಿಲ್ಲುವವರ ಜಾಗ ಎಲ್ಲಕ್ಕಿಂತ ಮೊದಲು ಅಲುಗಾಡಿತು. ಮೇಲಾಗಿ ಬೇರೆ ಕಾಲೇಜಿನಿಂದ ವರ್ಗಾವಣೆಗೆ ಹೆಸರು ಹಾಕಿದ ಇಪ್ಪತ್ತೊಂದರ ಅನುಭವಿಗಳು ಸಿಗುವಾಗ ಹದಿನೇಳರ ಹುಡುಗಿಗೆ ಯಾರು ಕಾಯುತ್ತಾರೆ?

ಓಹಾಯೋ ಮಾತ್ರ ಮೇಲೇಳುತ್ತ ಬಂತು. ಜುಲೈನಲ್ಲಿ ಕೋಚ್ ಅವಳ ಅಂಕಪಟ್ಟಿ, ಕೊನೆಯ ವರ್ಷದ ವಿಷಯಗಳು ಮತ್ತು ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕವನ್ನು ಪ್ರವೇಶ ವಿಭಾಗಕ್ಕೆ ಮುಂಚಿತ ಪರಿಶೀಲನೆಗೆ ಕೊಟ್ಟರು. ಇಂಥ ಪರಿಶೀಲನೆ ಮೂರನೇ ವಿಭಾಗದ ಅನೇಕ ಕಾಲೇಜುಗಳಲ್ಲಿ ಇದೆ. ಅರ್ಜಿ ಹಾಕುವ ಮೊದಲೇ ಗಾಳಿ ಯಾವ ಕಡೆ ಎಂದು ತಿಳಿಯುತ್ತದೆ. ಆಗ ಅವಳು ಕೋಚ್‌ಗೆ ಕೇಳಬೇಕಾದ ಎರಡು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡಳು. ನಿಮ್ಮ ಪಟ್ಟಿಯಲ್ಲಿ ಲಿಬೆರೊಗಳ ಪೈಕಿ ನಾನು ಎಷ್ಟನೆಯವಳು? ಪ್ರವೇಶ ವಿಭಾಗದಲ್ಲಿ ನನ್ನ ಹೆಸರಿಗೆ ನಿಮ್ಮ ಬೆಂಬಲ ಇದೆಯೇ? ನಮ್ಮ ಸಂಸ್ಕಾರದಲ್ಲಿ ಹಿರಿಯರಿಗೆ ಹೀಗೆ ನೇರವಾಗಿ ಕೇಳುವುದು ಕಷ್ಟ. ಕೇಳಿದಳು. ಮೊದಲನೆಯವಳು, ಇದೆ, ನೀನು ನವೆಂಬರ್ 1ರೊಳಗೆ ಬೇರೆಲ್ಲೂ ಹೋಗುವುದಿಲ್ಲ ಎಂಬ ಬದ್ಧತೆಯ ಅರ್ಜಿ ಹಾಕುವುದಾದರೆ ಎಂದರು.

ಇನ್ನು ಹಣ. ಆ ಖಾಸಗಿ ಕಾಲೇಜಿನ ಒಟ್ಟು ಖರ್ಚು ವರ್ಷಕ್ಕೆ 78,000 ಡಾಲರ್. ಭಾವ ಎಚ್-1ಬಿ ವೀಸಾದವರು, ಹಸಿರು ಕಾರ್ಡಿನ ಸಾಲಿನಲ್ಲಿ ಹನ್ನೊಂದು ವರ್ಷದಿಂದ ನಿಂತವರು. ಮೈಸೂರಿನಲ್ಲಿ ಹುಟ್ಟಿ ನಾಲ್ಕನೇ ವಯಸ್ಸಿಗೆ ಬಂದ ಮಗಳದ್ದು ಅವಲಂಬಿತರ ವೀಸಾ, ಎಚ್-4. ಅವಳ ಗೆಳತಿಯರಿಗೆ ಸಿಗುವ ಕೇಂದ್ರ ಸರ್ಕಾರದ ನೆರವು ಈ ವೀಸಾದವರಿಗೆ ಇಲ್ಲ. ಎಚ್-4ರಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಸಂಬಳದ ಕೆಲಸ ಕೂಡ ಮಾಡುವಂತಿಲ್ಲ. ಇಪ್ಪತ್ತೊಂದು ತುಂಬಿದರೆ ಬೇರೆ ವೀಸಾಕ್ಕೆ ಬದಲಾಗಲೇಬೇಕು. ಉಳಿದದ್ದು ಓದಿನ ಅರ್ಹತೆಯ ವಿದ್ಯಾರ್ಥಿವೇತನ ಒಂದೇ. ಬದ್ಧತೆಯ ಅರ್ಜಿ ಹಾಕಿದ ಮೇಲೆ ಚೌಕಾಶಿ ಇಲ್ಲ, ಹಾಗಾಗಿ ಮೊದಲೇ ಅಂದಾಜು ಕೇಳಿದೆವು. 36,000 ಎಂದು ಬಂತು. ಕೈಯಿಂದ 42,000. ಟೆಕ್ಸಾಸಿನ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸುಮಾರು 30,000ಕ್ಕೆ ಮುಗಿಯುತ್ತಿತ್ತು. "ವರ್ಷಕ್ಕೆ ಹನ್ನೆರಡು ಸಾವಿರ ಚೆಂಡಿಗೆ" ಎಂದಳು ಅಕ್ಕ. ಲೆಕ್ಕ ಸರಿಯಾಗಿತ್ತು. ನಾನೂ ಅಕ್ಕನ ಪರ ಇದ್ದೆ, ಈಗಲೂ ಆ ಲೆಕ್ಕ ತಪ್ಪು ಎನ್ನಲಾರೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ನಡೆಸುವ ಕ್ಲಬ್ ತಂಡಗಳಿವೆ, ಖುಷಿಯಿಂದ ಆಡಬಹುದು.

ತಕ್ಕಡಿ ವಾಲಿದ್ದು ಎಲ್ಲಿ ಎಂದರೆ, ಹುಡುಗಿ ಅಪ್ಪನ ಮುಂದೆಯೇ ಸ್ಪೀಕರ್ ಹಾಕಿ ಕೋಚ್‌ಗೆ ಕೇಳಿದ ಮೂರನೇ ಪ್ರಶ್ನೆಯಲ್ಲಿ: "ಮೊದಲ ವಾರವೇ ನನ್ನ ಮೊಣಕಾಲು ಹೋದರೆ ಆ 36,000 ಏನಾಗುತ್ತದೆ?" ಏನೂ ಆಗುವುದಿಲ್ಲ ಎಂದರು ಕೋಚ್. ಅದು ಆಟಕ್ಕೆ ಕೊಟ್ಟದ್ದಲ್ಲ, ಅಂಕಗಳು ಕಾಲೇಜು ಹೇಳಿದ ಮಟ್ಟದಲ್ಲಿದ್ದರೆ ಸಾಕು, ನನಗೆ ಅದನ್ನು ಮುಟ್ಟುವ ಅಧಿಕಾರವೂ ಇಲ್ಲ ಎಂದರು. ಭಾವ ಟೀಪಾಯಿಯ ಕಡೆ ಬಾಗಿ ಕುಳಿತಿದ್ದವರು ಹಿಂದಕ್ಕೆ ಒರಗಿದರು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಹಾಗಾದರೆ ಆ ನಾಲ್ಕು ಸಾವಿರ ಪ್ರತಿ ವರ್ಷ ಕೋಚ್ ಕೈಯಲ್ಲಿರುತ್ತಿತ್ತೇ?" ಎಂದು ಕೇಳಿದರು. ಹೆಚ್ಚುಕಡಿಮೆ ಹೌದು ಎಂದೆ. ಆ ರಾತ್ರಿ ಅವರು ಅಕ್ಕನಿಗೆ ಏನು ಹೇಳಿದರೋ, ಬೆಳಿಗ್ಗೆ ಅಕ್ಕ ಅರ್ಜಿಯ ಶುಲ್ಕಕ್ಕೆ ಕಾರ್ಡ್ ಕೊಟ್ಟಳು. ಡಿಸೆಂಬರ್ ಮಧ್ಯದಲ್ಲಿ ಪ್ರವೇಶದ ಪತ್ರ ಬಂತು.

2025ರ ಆಗಸ್ಟ್

ಬಿಡಲು ಹೋದಾಗ ಭಾವ ಫೈಲನ್ನೂ ತಂದಿದ್ದರು. ಕ್ರೀಡಾ ವಿಭಾಗದ ಆರೋಗ್ಯ ಕೊಠಡಿಯಲ್ಲಿ ಅಲ್ಲಿನ ಹುಡುಗನೊಬ್ಬ ಕೇಳಿದ್ದು ವೈದ್ಯರ ತಪಾಸಣೆಯ ನಮೂನೆ ಮತ್ತು ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದೋಷದ ಪರೀಕ್ಷೆಯ ವರದಿ. ಎನ್‌ಸಿಎಎ ಆಟಗಾರರೆಲ್ಲರ ಸಿಕಲ್ ಸೆಲ್ ಸ್ಥಿತಿ ಕಾಲೇಜಿಗೆ ತಿಳಿದಿರಬೇಕು. ಅಮೆರಿಕದಲ್ಲಿ ಹುಟ್ಟಿದವರಿಗೆ ಅದು ಹುಟ್ಟಿದಾಗಲೇ ಆಗಿರುತ್ತದೆ, ಇವಳಿಗೆ ಹೊಸದಾಗಿ ಮಾಡಿಸಬೇಕಾಗಿತ್ತು. ಭಾವ ನೀಲಿ ಫೈಲ್ ತೆರೆದು ಮೂವತ್ತೊಂದು ಪ್ರಮಾಣಪತ್ರಗಳನ್ನು ಒಂದೊಂದಾಗಿ ಮಗುಚಿ, ಮೂವತ್ತೆರಡನೇ ಪ್ಲಾಸ್ಟಿಕ್ ಹಾಳೆಯಿಂದ ಆ ವರದಿಯನ್ನು ತೆಗೆದುಕೊಟ್ಟರು. ಅಷ್ಟೂ ಹೊತ್ತು ಆ ಹುಡುಗ ತಾಳ್ಮೆಯಿಂದ ಕೈಚಾಚಿ ನಿಂತಿದ್ದ.

ಮೊದಲ ಋತುವಿನಲ್ಲಿ ಅವಳು ಮುಖ್ಯ ಲಿಬೆರೊ ಆಗಲಿಲ್ಲ. 2024ರಿಂದ ಕಾಲೇಜು ತಂಡಗಳು ಇಬ್ಬರು ಲಿಬೆರೊಗಳನ್ನು ಹೆಸರಿಸಬಹುದು, ಅಂಕಣದಲ್ಲಿ ಒಮ್ಮೆಗೆ ಒಬ್ಬರೇ. ಅವಳು ಎರಡನೆಯವಳು, ಹೆಚ್ಚಾಗಿ ಸರ್ವ್ ಮಾಡಲು ಬಂದು ಹಿಂದಿನ ಸಾಲಿನ ಮೂರು ಸುತ್ತು ಆಡಿ ಹೋಗುವವಳು. ಸಂಜೆ ಏಳರ ಪಂದ್ಯವೆಂದರೆ ಮಂಡ್ಯದಲ್ಲಿ ಮುಂಜಾವು ನಾಲ್ಕೂವರೆ. ತಾತ ಎದ್ದು ಮೊಬೈಲ್‌ನಲ್ಲಿ ನೇರಪ್ರಸಾರ ಹಾಕಿಕೊಳ್ಳುತ್ತಾರೆ. ಕ್ಯಾಮೆರಾ ದೂರ, ಯಾರು ಯಾರೆಂದು ತಿಳಿಯುವುದಿಲ್ಲ, ಕೂಗು ಮಾತ್ರ ಗೊತ್ತಾಗುತ್ತದೆ ಎಂದು ಅವರ ದೂರು.

ಚಳಿಗಾಲದ ರಜೆಗೆ ಬಂದಾಗ ಅವಳು ಊಟದ ಮೇಜಿನ ಬಳಿ ಲ್ಯಾಪ್‌ಟಾಪ್ ತೆರೆದು ನನಗೊಂದು ಪುಟ ತೋರಿಸಿದಳು. ಅವಳ ಕೋಚ್ 2026ಕ್ಕೆ ಸೇರಿಸಿಕೊಳ್ಳುತ್ತಿರುವವರ ಪಟ್ಟಿ. ಅದರಲ್ಲಿ ಲಿಬೆರೊ ಒಬ್ಬಳು, ಐದಡಿ ಆರಿಂಚು. "ನಮ್ಮ ತಂಡದ ಪುಟ ನೋಡಿ, ಎರಡನೆಯವಳು ಇನ್ನೂ ಮೊದಲ ವರ್ಷದವಳು, ಅಲುಗಾಡಿಸಬಹುದು ಎಂದು ಟಿಕ್ ಹಾಕಿರುತ್ತಾಳೆ, ಮಾವ" ಎಂದಳು. ಆಮೇಲೆ ಆ ಹುಡುಗಿಯ ವಿಡಿಯೊ ಹುಡುಕಿ ತೆಗೆದಳು. ಹಾಡಿರಲಿಲ್ಲ, ಕ್ಯಾಮೆರಾ ಹಿಂದಿನ ಗೆರೆಯ ಆಚೆ ಸರಿಯಾದ ಜಾಗದಲ್ಲಿತ್ತು. ಇಬ್ಬರೂ ಎರಡು ಸಲ ನೋಡಿದೆವು. ಅವಳ ಎಡ ಭುಜದ ಮೇಲೆ ಬಂದ ಫ್ಲೋಟ್‌ಗಳನ್ನು ಎಣಿಸಲು ನಾನು ನೋಟ್‌ಬುಕ್ ತರಲು ಎದ್ದೆ.